ರಾಹುಕಾಲಕ್ಕೆ ಮುಂಚೆ

ಮಾರೇನಹಳ್ಳಿ, ಬೆಂಗಳೂರು
೧೭-೧೦-೧೯೮೭, ಶನಿವಾರ

ಮಗ ಚನ್ನಕೇಶವನಿಗೆ ಅಮ್ಮನ ಆಶೀರ್ವಾದ.

ಇವತ್ತು ಶನಿವಾರದ ಒಪ್ಪತ್ತು. ನಲ್ಲಿ ನೀರು ಹಿಡಿದು, ಬಾಗಿಲು ಸಾರಿಸಿ, ಆಂಜನೇಯನ ಗುಡಿಗೆ ತುಳಸಿ ಕೊಟ್ಟು ಬಂದು ಬರೆಯೋಕೆ ಕೂತಿದೀನಿ. ನಿನ್ನ ಕೆಮ್ಮು ವಾಸಿಯಾಯ್ತಾ? ಆ ಕಂಪ್ಯೂಟರ್ ರೂಮಿನ ತಣ್ಣನೆ ಗಾಳಿಗೆ ಮಫ್ಲರ್ ಕಟ್ಟಿಕೋ ಅಂದರೆ ನಗ್ತೀಯ. ಹೊಸೂರಿನ ಮೆಸ್ಸಲ್ಲಿ ಹೊಟ್ಟೆ ತುಂಬ ಊಟ ಮಾಡು, ಸಾರು ಸರಿಯಿಲ್ಲ ಅಂತ ಎದ್ದು ಬರಬೇಡ.

ಉಗ್ರಪ್ಪನ ಸಮಾಚಾರ ನಿನಗೆ ಯಾರೂ ಪೂರ್ತಿ ಹೇಳಿರಲಾರರು. ನಮ್ಮ ಹಿತ್ತಲ ಮನೇಲಿ ಬಾಡಿಗೆಗಿದ್ದು ನಿನಗೆ ಕೆಲಸ ಕಲಿಸಿದವನು ಈಗ ಆಸ್ಪತ್ರೇಲಿ ಮಲಗಿದಾನೆ. ಹೆಂಡತಿ ಗಿರಿಜಾದೇವಿ ಎದುರಿಗೆ ನಿಂತರೆ "ಯಾರಮ್ಮ ನೀವು" ಅಂತಾನೆ.

ಆಯುಧಪೂಜೆ ದಿನ ಇಲ್ಲಿ ನಿಮ್ಮ ಕಂಪನಿಯ ರಾಜಾಜಿನಗರದ ಕಾರ್ಖಾನೇಲಿ ಡಿಸ್ಕು, ಟೇಪುಗಳನ್ನೆಲ್ಲ ತಾನೇ ನೋಡಿಕೊಳ್ಳೋ ಹೊಸ ಪ್ರೋಗ್ರಾಮ್ ಹಾಕಿದರು. ಒಂದೂವರೆಗೆ ರಾಹುಕಾಲ, ಅಷ್ಟರೊಳಗೆ ಶುರು ಮಾಡಬೇಕು ಅಂತ ಅವಸರ. ಹಳೇದೆಲ್ಲ ಟೇಪಿಗೆ ಕಾಪಿ ಆಗ್ತಾ ಇತ್ತು, ಮುಗಿದಿರಲಿಲ್ಲ. ಉಗ್ರಪ್ಪ "ಸಾರ್, ಕಾಪಿ ಮುಗೀಲಿ, ಒಂದ್ಸಲ ಓದಿಸಿ ನೋಡ್ತೀನಿ, ಆಮೇಲೆ ಹಾಕೋಣ" ಅಂದನಂತೆ. ಮ್ಯಾನೇಜರು "ಏನಯ್ಯಾ, ಕಡಲೆಪುರಿಗೆ ಜನ ಕಾಯ್ತಾ ನಿಂತವ್ರೆ, ನಿನ್ನ ಟೇಪು ಮದುವೆ ಹೆಣ್ಣಿನ ಥರ ಸಿಂಗಾರ ಮಾಡ್ಕೊಂಡು ಬರ್ಬೇಕಾ" ಅಂತ ಎಲ್ಲರನ್ನೂ ನಗಿಸಿ, ಬೂದುಗುಂಬಳಕಾಯಿ ಒಡೆಸಿ, ಇವನ ಕೈಲೇ ಬಟನ್ ಒತ್ತಿಸಿಬಿಟ್ಟರು. ಹೊಸ ಪ್ರೋಗ್ರಾಮಿಗೆ ಅಲ್ಲಿ ಏನಿದೆ ಅಂತ ಗೊತ್ತಿಲ್ಲ. ತುಂಬಿದ ಡಿಸ್ಕನ್ನ ಖಾಲಿ ಅಂದುಕೊಂಡು ಒರೆಸಿ ಹಾಕ್ತು. ಹಿಂದಿನ ತಿಂಗಳ ಟೇಪು ತಂದು ಹಾಕಿದರೆ ಅದು ಓದಲಿಲ್ಲ. ಅದನ್ನ ಯಾವತ್ತೂ ಓದಿಸಿ ನೋಡಿದ್ದೇ ಇಲ್ಲವಂತೆ.

ಹಾಜರಿ, ಓಟಿ, ಸಂಬಳ ಎಲ್ಲ ಅದರೊಳಗೇ ಇತ್ತು. ಏಳನೇ ತಾರೀಕು ಸಂಬಳ ಆಗಲಿಲ್ಲ. ಮ್ಯಾನೇಜರು ಬಂದು "ಉಗ್ರಪ್ಪ ಅಳಿಸಿಬಿಟ್ಟವ್ನೆ, ಅವನನ್ನೇ ಕೇಳಿ" ಅಂದು ಕಾರು ಹತ್ತಿದರು. ಮಾರನೇ ದಿನ ಶಿಫ್ಟು ಬಿಟ್ಟಾಗ ಜನ ಅವನನ್ನ ಗೇಟಲ್ಲೇ ಹಿಡಕೊಂಡರು. ಏಟು ತಿಂದು ಬಿದ್ದವನ ತಲೆ ಕಲ್ಲಿಗೆ ತಾಗಿತು. ಹೊಡೆದವರಲ್ಲಿ ನಮ್ಮ ಬೀದಿಯವರೂ ಇದ್ದರು, ಈಗ ನನ್ನ ಕಂಡರೆ ತಲೆ ತಗ್ಗಿಸಿಕೊಂಡು ಹೋಗ್ತಾರೆ. ಅವರ ಮನೇಲೂ ಅಕ್ಕಿ ಡಬ್ಬ ಖಾಲಿ. ಯಾರನ್ನ ಅಂತ ಬೈಲಿ.

ಏಟು ಬೀಳೋ ಹಿಂದಿನ ಸಂಜೆ ಅವನು ನಮ್ಮ ಜಗಲಿ ಮೇಲೆ ಕೂತು, "ಅಮ್ಮಾ, ನಿಮ್ಮೂರಲ್ಲಿ ಬಿತ್ತನೆ ರಾಗಿ ಎಲ್ಲಿಡ್ತಿದ್ರಿ" ಅಂತ ಕೇಳಿದ. ಒಂದಷ್ಟು ನಮ್ಮನೇಲಿ, ಒಂದಷ್ಟು ಅಣ್ಣನ ಮನೇಲಿ, ಬೆಂಕಿ ಬಿದ್ದರೆ ಎಲ್ಲ ಹೋಗಬಾರದಲ್ಲ, ಆಗಾಗ ಬಿಸಿಲಿಗೆ ಹರವಿ ಹುಳ ನೋಡ್ತಿದ್ವಿ ಅಂದೆ. "ನಾವು ಅಷ್ಟೂ ಮಾಡಲಿಲ್ಲ ನೋಡಿ. ಕೇಶವನಿಗೆ ಬರೀರಿ" ಅಂದ. ಆಮೇಲೆ ಅವನ ಬಾಯಿಂದ ನೆಟ್ಟಗೆ ಒಂದು ಮಾತು ಕೇಳಿಲ್ಲ ನಾನು.

ಅದಕ್ಕೇ ಬರೀತಿದೀನಿ. ನೀನೂ ಹೊಸೂರಲ್ಲಿ ಅದೇ ಪ್ರೋಗ್ರಾಮ್ ಹಾಕಬೇಕಲ್ಲ. ಕಾಪಿ ಎರಡು ಮಾಡು, ಒಂದನ್ನ ಬೇರೆ ಕಟ್ಟಡದಲ್ಲಿಡು, ಎರಡೂ ಸರಿಯಾಗಿ ಓದುತ್ತಾ ಅಂತ ನೋಡು. ಹೊಸದು ನೆಟ್ಟಗೆ ನಡೆಯೋ ತನಕ ಹಳೇದನ್ನ ತೆಗೆದು ಹಾಕಬೇಡ. ಒಬ್ಬನೇ ಮಾಡಬೇಡ, ಪಕ್ಕದಲ್ಲಿ ಇನ್ನೊಬ್ಬರನ್ನ ಇಟ್ಟುಕೋ.

ನಿಮ್ಮಪ್ಪ ಕೇಳಿದೀನಿ ಅಂತ ಬರಿ ಅಂದರು. ಮನೆದೇವರು ನಿನ್ನ ನೆತ್ತಿ ಕಾಯಲಿ.

ನಿನ್ನ ಅಮ್ಮ,
ಅಕ್ಕಯ್ಯಮ್ಮ

ಮಡಿಸೋ ಹೊತ್ತಿಗೆ ಇನ್ನೊಂದು ಮಾತು: ದಸರಾಕ್ಕೆ ಮುಂಚೆ ಜೋಯಿಸರ ಹತ್ತಿರ ನಿನ್ನ ಕೆಲಸಕ್ಕೂ ಮುಹೂರ್ತ ಇಡಿಸಿ ಕುಂಕುಮದ ಜೊತೆ ಕಳಿಸಿದ್ದೆನಲ್ಲ, ದೀಪಾವಳಿ ಕಳೆದ ಸೋಮವಾರ ಬೆಳಿಗ್ಗೆ ಏಳೂವರೆ ಒಳಗೆ ಅಂತ. ಅದನ್ನ ಬಿಟ್ಟುಬಿಡು. ನಿಮ್ಮ ಸಾಹೇಬರಿಗೆ ತೋರಿಸಿದ್ದರೆ ಅಮ್ಮ ಬೇಡ ಅಂದಳು ಅನ್ನು. ಕಾಪಿ ಓದಿದ ಹೊತ್ತೇ ನಿನಗೆ ಮುಹೂರ್ತ. ಆಗ ರಾಹುಕಾಲ ಇದ್ದರೆ ಇರಲಿ, ದೇವರಿಗೆ ನಾನು ಹೇಳಿಕೊಂಡಿದೀನಿ. ಹಾಗೇ ಮಾಡ್ತೀನಿ ಅಂತ ಎರಡು ಸಾಲು ಬರೆದು, ಅಲ್ಲಿಂದ ಇಲ್ಲಿನ ಕಾರ್ಖಾನೆಗೆ ಬರೋ ಕಂಪನಿ ವ್ಯಾನಿನ ಮುನಿವೆಂಕಟಪ್ಪನ ಕೈಲಿ ಕೊಡು. ಇಸ್ಕೊಂಡು ಬರೋಕೆ ಎದುರುಮನೆ ಪಾಪಮ್ಮನ್ನ ಕಳಿಸ್ತೀನಿ. ಆ ಗೇಟಿನ ಹತ್ತಿರ ಹೋಗೋಕೆ ನನ್ನ ಕೈಲಿ ಆಗಲ್ಲ.