ಒಳಹೊಲಿಗೆಯ ಎರಡು ಬೆರಳು

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ತಂಗಿಗೆ ಅಕ್ಕನ ಆಶೀರ್ವಾದ.

ಒಂದು ತುತ್ತಾದರೂ ತಿಂದೆಯಾ? ಬೆಳಿಗ್ಗೆ ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದೆ, ಕೆಟ್ಟ ಕನಸು. ಸತ್ತ ಲೀಡರ್ ಸಾಹೇಬರು ಅಂಗಡಿಗೆ ಬಂದು, ಎದೆಯ ತೂತುಗಳಿಗೆ ಬೆರಳಿಟ್ಟುಕೊಂಡು, ಸ್ವಲ್ಪ ಸಡಿಲ ಮಾಡಿಕೊಡಮ್ಮ ಅಂದರು. ನಾನು ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಎಚ್ಚರವಾದರೆ ಕತ್ತರಿ ನಿಜವಾಗಿಯೂ ಕೈಯಲ್ಲಿತ್ತು ಕಣೆ.

ಅವತ್ತು ನಡೆದಿದ್ದೆಲ್ಲ ಬರಿ ಅಂದೆಯಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಕೋಟು ತಲುಪಿಸೋಕೆ ನಾನು ಹೋದಾಗ ಭಾಷಣಕ್ಕೆ ಇನ್ನರ್ಧ ಗಂಟೆ ಇತ್ತು. ವೇದಿಕೆ ಹಿಂದಿನ ರೂಮಿನಲ್ಲಿ ಸಾಹೇಬರು ಬುಲೆಟ್ ಪ್ರೂಫ್ ಜಾಕೆಟ್ ಮೇಲೆ ನಿನ್ನ ಗಂಡ ಕತ್ತರಿಸಿ ನಾನು ಹೊಲಿದ ಕೋಟು ತೊಟ್ಟರು. ಗುಂಡಿ ಹಿಡಿಯಲಿಲ್ಲ. ಅಳತೆ ತಗೊಂಡ ದಿನ ಬರೀ ಶರ್ಟಿನಲ್ಲಿದ್ದರು, ಒಳಗೆ ಅದೊಂದು ಬರುತ್ತೆ ಅಂತ ಯಾರೂ ಬಾಯಿ ಬಿಟ್ಟಿರಲಿಲ್ಲ. ಹೊಲಿಗೆ ಬಿಚ್ಚಿ ದೊಡ್ಡದು ಮಾಡೋಕಾಗುತ್ತಾ ಅಂದ ಸೆಕ್ರೆಟರಿ. ಹೊಲಿಗೆಯೊಳಗೆ ಹೆಚ್ಚಿನ ಬಟ್ಟೆಯೇ ಇಲ್ಲ, ಆಗಲ್ಲ ಅಂದುಬಿಟ್ಟೆ. ಹಾಗಾದರೆ ಕೋಟು ಬೇಡ, ಬರೀ ಜಾಕೆಟ್ಟಿನಲ್ಲೇ ಹೋಗಿ ಅಂತ ಕಾವಲಿನವನು ಅಂಗಲಾಚಿದ. ಆಮೆಗೆ ಯಾರಯ್ಯ ಓಟು ಹಾಕ್ತಾರೆ ಅಂತ ಸಾಹೇಬರು ನಕ್ಕು ಜಾಕೆಟ್ ಬಿಚ್ಚಿ ಬಿಸಾಕಿದರು. ಗುಂಡಿ ಹಾಕಿದ್ದು ನಾನೇ.

ಮೈಕ್ ಮುಂದೆ ಬಾಯಿ ತೆರೆದರು, ಅಷ್ಟೇ. ಮುಂದಿನ ಸಾಲಿನ ಫೋಟೋದವನು ಕ್ಯಾಮೆರಾ ಚೀಲದಿಂದ ಪಿಸ್ತೂಲು ತೆಗೆದು ಮೂರು ಸಲ ಹೊಡೆದ. ಅಡ್ಡ ಬಂದ ಡ್ರೈವರ್‌ನ ದವಡೆ ಹಾರಿಹೋಯ್ತು. ಜನ ಆ ಫೋಟೋದವನನ್ನು ಕುರ್ಚಿ ಕಾಲುಗಳಿಂದ ಜಜ್ಜಿದರು. ಅವನ ಮುಖ ಯಾವ ಕಡೆ ಅಂತ ಆಮೇಲೆ ಗೊತ್ತಾಗುತ್ತಿರಲಿಲ್ಲ. ನಾನು ಓಡಿಹೋಗಿ ಸಾಹೇಬರ ಕೋಟು ಸೀಳಿದೆ. ಬಿಸಿ ರಕ್ತ ಮೊಣಕೈವರೆಗೂ ಬಂತು. ಏನೋ ಹೇಳೋಕೆ ಹೊರಟರು, ಬರೀ ನೊರೆ ಬಂತು.

ಕೊಂದವನು ಅಲ್ಲೇ ಸತ್ತ. ಪೊಲೀಸರ ಕೈಗೆ ಸಿಕ್ಕಿದ್ದು ನಿನ್ನ ಗಂಡ. ಬಟ್ಟೆ ಕತ್ತರಿಸಿದವನು ಅವನೇ ತಾನೆ, ಬೇಕಂತಲೇ ಬಿಗಿಮಾಡಿ ಜಾಕೆಟ್ ಬಿಚ್ಚಿಸಿದ ಅಂತ ಅವರ ಲೆಕ್ಕಾಚಾರ. ಬಲಗೈಯ ಮೂರು ಉಗುರು ಕಿತ್ತಿದ್ದಾರಂತೆ. ನಾಳೆ ರುಜು ಹಾಕಿಸಿಕೊಂಡರೆ ಗಲ್ಲೇ ಗತಿ. ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟೇ ಕತ್ತರಿಸಿದ್ದೆ ಅಂತ ಪಾಪ ಇನ್ನೂ ಕೂಗುತ್ತಿದ್ದಾನಂತೆ. ಕೋಟಿನಲ್ಲಿ ಅದು ಇಲ್ಲ. ನನ್ನನ್ನು ಕೇಳಿದರು. ನೆನಪಿಲ್ಲ ಅಂದು ಬಂದೆ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರೆ. ನಾನು ತಂಗಿಯ ತಾಳಿಯನ್ನೂ ಬಿಡಲಿಲ್ಲ.

ಇಂತಿ ನಿನ್ನ ಪಾಪಿ
ಅಕ್ಕ

ಮರೆತಿದ್ದೆ: ಮಗುವಿಗೆ ಪಟ್ಟಿ ಪಟ್ಟಿ ಜೋಡಿಸಿ ಒಂದು ನೀಲಿ ಟೊಪ್ಪಿ ಕೊಟ್ಟೆನಲ್ಲ, ಅದೇ ಆ ಬಟ್ಟೆ. ನಿನ್ನ ಗಂಡ ಊಟಕ್ಕೆ ಹೋದಾಗ ಕತ್ತರಿಸಿಕೊಂಡೆ. ಒಗೆಯಬೇಡ. ನಾಳೆ ಬೆಳಿಗ್ಗೆ ಠಾಣೆಗೆ ತಾ, ಬಾಗಿಲಲ್ಲೇ ನಿಂತಿರ್ತೀನಿ, ಎಲ್ಲ ಹೇಳ್ತೀನಿ. ಆದರೆ ಅದಕ್ಕೂ ಮೊದಲು ಒಂದು ಪಟ್ಟಿ ಬಿಚ್ಚಿ ಬೆರಳಿಟ್ಟು ನೋಡು. ಎರಡು ಬೆರಳು ಪೂರ್ತಿ ಇದೆಯಾ? ಒಂದೇ ಇದ್ದರೆ, ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದ್ದರೂ ಆ ಜಾಕೆಟ್ ಮೇಲೆ ಕೋಟು ಹೇಗೂ ಹಿಡಿಯುತ್ತಿರಲಿಲ್ಲ, ಅಲ್ವಾ? ಇನ್ನೊಂದು ಸಲ ಅಳೆದು ನೋಡೇ.