ನೀನು ಎದ್ದು ಕೇಳದ ಪ್ರಶ್ನೆ

ಗಂಡಸಿ ಹೋಬಳಿ,
ಅರಸೀಕೆರೆ ತಾಲ್ಲೂಕು
೨೪ ಮಾರ್ಚ್ ೨೦೨೫

ಚಿ. ರಾಜಶೇಖರನಿಗೆ,

ನಿನ್ನ ಸೋದರಮಾವ ಕಲ್ಲೇಶಪ್ಪ ಮಾಡುವ ಆಶೀರ್ವಾದ. ನಾವೆಲ್ಲ ಕ್ಷೇಮ. ಕಾಗದ ತಡವಾಯ್ತು, ಬೈಬೇಡ. ಮೂರು ಸಲ ಬರೆದು ಹರಿದೆ, ಇದು ನಾಲ್ಕನೇದು. ಏಳನೇ ಕ್ಲಾಸಿಗೆ ಬಿಟ್ಟವನಾದರೂ ನನ್ನ ಅಕ್ಷರ ನಿನ್ನ ಪಿ.ಎ. ಅಕ್ಷರಕ್ಕಿಂತ ದುಂಡಗೈತೆ, ನೋಡ್ಕೋ.

ನಿನ್ನಂಥ ಎಂ.ಪಿ. ಕೈಲಿ ಏನಾಗ್ತೈತೆ, ಏನಾಗಲ್ಲ ಅಂತ ಈ ಹೋಬಳೀಲಿ ನನಗಿಂತ ಬಲ್ಲೋರಿಲ್ಲ. ನೀನು ಕೊಡಿಸಿದ ಪಾಸಲ್ಲಿ ಪಾರ್ಲಿಮೆಂಟ್ ಗ್ಯಾಲರೀಲಿ ಕೂತು, ಪಂಚೇಲಿ ಬಚ್ಚಿಟ್ಟ ನಶ್ಯ ಏರಿಸಿ, ಸೀನಿ, ಕಾವಲಿನವನ ಕೈಲಿ ಗದರಿಸಿಕೊಂಡು ಬಂದವನಲ್ವಾ ನಾನು! ಪಕ್ಕದ ಮನೆ ಮುದ್ದಮ್ಮ, ಮೇಷ್ಟ್ರಾಗಿರೋ ಮಗನ ಟ್ರಾನ್ಸ್‌ಫರ್ ಮಾಡಿಸ್ಕೊಡು ಅಂತ ಬಂದಾಗ ನಾನೇ ಹೇಳಿದೆ: "ಅದು ಅವನ ಕೆಲಸ ಅಲ್ಲ ಕಣವ್ವ. ಅವನು ಕಾನೂನು ಮಾಡೋನು, ಮಂತ್ರಿಗಳನ್ನ ನಿಲ್ಲಿಸಿ ಪ್ರಶ್ನೆ ಕೇಳೋನು." ಮದುವೆ, ತಿಥಿ, ಕಮಿಟಿ ಅಂತ ನಿನಗೆ ಉಣ್ಣಕ್ಕೂ ಪುರುಸೊತ್ತಿಲ್ಲ ಅಂತಾನೂ ಅಂದೆ.

ನಾವು ಕೇಳಿದ್ದು ಒಂದೇ. ರೈಲ್ವೆ ಗೇಟು ಕಾಯಂ ಆಗಿ ಮುಚ್ಚಿದ ಮೇಲೆ ಸ್ಕೂಲು ಮಕ್ಕಳು ಹಳಿ ದಾಟಿ ಹೋಗ್ತಾವೆ. ಅಂಡರ್‌ಪಾಸ್ ಯಾವಾಗ ಅಂತ ಸದನದಲ್ಲಿ ಕೇಳು ಅಂದ್ವಿ. ನೀನು ಬರೆದು ಕೊಟ್ಟೆ. ಚೀಟಿ ಎತ್ತಿದಾಗ ಮಂತ್ರಿಗಳು ಎದ್ದು ಬಾಯಲ್ಲೇ ಉತ್ತರ ಕೊಡೋ ಪಟ್ಟಿಗೆ ನಿನ್ನ ಪ್ರಶ್ನೆ ಬಿತ್ತು. ನಾನು ಬಿಡ್ತೀನಾ? ಬುಧವಾರ ಹನ್ನೊಂದು ಗಂಟೆಗೆ ಹಾಲಿನ ಡೈರಿ ಟಿ.ವಿ. ಮುಂದೆ ಊರನ್ನೇ ಕೂರಿಸಿ ಮಂಡಕ್ಕಿ ಹಂಚಿದೆ.

ಸಭಾಧ್ಯಕ್ಷರು ನಿನ್ನ ಹೆಸರು ಕರೆದರು. ಯಾರೂ ಏಳಲಿಲ್ಲ. ಇನ್ನೊಂದು ಸಲ ಕರೆದು ಮುಂದಿನ ಪ್ರಶ್ನೆಗೆ ಹೋಗೇಬಿಟ್ಟರು.

"ಕಲ್ಲೇಶಣ್ಣ, ನಿಮ್ಮ ಅಳಿಯಂದಿರು ಬೀಡಿ ಸೇದಕ್ಕೆ ಎದ್ದೋದ್ರಾ?" ಅಂದ ಡೈರಿ ಸೆಕ್ರೆಟರಿ ಮೋಹನ್‌ಕುಮಾರ್.

"ಮಂತ್ರಿಗಳೇ ಒಳಕ್ಕೆ ಕರ್ದವ್ರೆ ಕಣಯ್ಯ. ಎಲ್ಲಾನೂ ಟಿ.ವಿ.ಲಿ ಆಡಕ್ಕಾಯ್ತದಾ?" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುದ್ದಮ್ಮ ಮಾತ್ರ ನಗಲಿಲ್ಲ. ಅವಳ ಮೊಮ್ಮಗಳು ದಿನಾ ಆ ಹಳಿ ದಾಟ್ತಾಳೆ.

ಪಕ್ಷದೋರು ಬೇಡ ಅಂದ್ರೋ, ಮೈ ಸರಿ ಇರಲಿಲ್ವೋ, ಒಂದು ಮಾತು ಹೇಳಿದ್ರೆ ಸಾಕಿತ್ತು. ಫೋನ್ ಮಾಡಿದಾಗೆಲ್ಲ ನಿನ್ನ ಪಿ.ಎ. "ಸಾಹೇಬ್ರು ಮೀಟಿಂಗಲ್ಲಿದಾರೆ" ಅಂತಾನೆ. ನಾನು ಹೂಂ ಅಂತ ಫೋನ್ ಇಡ್ತೀನಿ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಆಯುಸ್ಸು, ಆರೋಗ್ಯ ಗಟ್ಟಿಯಾಗಿರಲಿ.

ನಿನ್ನ ಮಾವ,
ಕಲ್ಲೇಶಪ್ಪ

ತಾ.ಕ.: ನಿನ್ನೆ ಮುದ್ದಮ್ಮ ಜಗಲಿಗೆ ಬಂದಿದ್ಲು. ಅವಳ ಮಗ ಫೋನ್ ಮಾಡಿದ್ದಕ್ಕೆ ನೀನು ಅಂದೆಯಂತೆ, "ಅಂಡರ್‌ಪಾಸ್‌ಗೆ ಮಾವನ ತೆಂಗಿನ ತೋಟ ಹೋಗ್ತದೆ. ಪ್ರಶ್ನೆ ಕೇಳಬೇಡ ಅಂತ ಅವರೇ ಕಾಲು ಹಿಡ್ಕೊಂಡ್ರು." ಆ ಜಾಗ ಬಿಟ್ಟುಕೊಡ್ತೀನಿ ಅಂತ ನಾನು ಸಹಿ ಮಾಡಿದ ಕಾಗದ ನಿನ್ನ ಹತ್ರಾನೇ ಐತಲ್ಲೋ! ಹೇಳಿದ್ರೆ ನೀನು ಸುಳ್ಳ ಆಗ್ತೀಯ ಅಂತ ಬಾಯಿ ಬಿಡಲಿಲ್ಲ. ನಾನು ಕೊಟ್ಟ ಮಜ್ಜಿಗೆ ಮುಟ್ಟದೆ ಅವಳು ಎದ್ದು ಹೋದಳು. ಆ ಕಾಗದ ಕಳಿಸು. ಮುದ್ದಮ್ಮನಿಗೆ ಓದಕ್ಕೆ ಬರಲ್ಲ, ನೀನೇ ಬಂದು ಅವಳ ಮುಂದೆ ನಿಂತು ಓದಿ ಹೇಳು.