ಟಕಟಕ ಪರೀಕ್ಷೆ

ಶನಿವಾರ, ಜೂನ್ ೧೪

ಅಂತೂ ಸ್ಪೀಕರ್ ಬಂತು! ಅಂಗಡಿಯಲ್ಲಿ ಎಲ್ಲವೂ ಇಂಪಾಗಿಯೇ ಹಾಡುತ್ತವೆ. ನನ್ನ ಹೊಲಿಗೆ ಮೆಷಿನ್ನಿನ ಗದ್ದಲದಲ್ಲೂ ಕೇಳಿಸಬೇಕಲ್ಲ?

"ರೀ, ಸ್ವಲ್ಪ ಮೆಷಿನ್ ಥರ ಸದ್ದು ಮಾಡಿ" ಎಂದೆ.

ಇವರು ಹಿಂದೆಮುಂದೆ ನೋಡದೆ ನನ್ನ ಕಿವಿಯ ಹತ್ತಿರ "ಟಕಟಕಟಕ" ಶುರುಮಾಡಿದರು. ಕೊನೆಗೆ, ನಾನು ದಾರ ಕತ್ತರಿಸುವಾಗಿನ "ಕಚ್" ಸದ್ದನ್ನೂ ಇವರು ಬಿಡಲಿಲ್ಲ!

ಅಂಗಡಿಯವರು, "ಮೇಡಂ, ಇವ್ರ ವಾಲ್ಯೂಮ್ ಎಲ್ಲಿ ಕಮ್ಮಿ ಮಾಡೋದು?" ಎಂದು ಬಿದ್ದು ಬಿದ್ದು ನಕ್ಕರು. ಆ ಗದ್ದಲಕ್ಕೆ ಚೆಂದದ ಕೆಂಪು ಸ್ಪೀಕರ್ ಸೋತಿತು, ಕಪ್ಪು ಡುಮ್ಮ ಗೆದ್ದ.

ಈಗ ಮೆಷಿನ್ ನಿಲ್ಲಿಸಿ ಹಾಡು ಕೇಳುತ್ತಿದ್ದೇನೆ. ಆದರೂ ಟಕಟಕ! ಇವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಬಾಯಲ್ಲೇ ತಾಳ ಹಾಕುತ್ತಿದ್ದಾರೆ. ಅಷ್ಟು ಅಳೆದೂ ಸುರಿದೂ ಆರಿಸಿ ತಂದ ಸ್ಪೀಕರನ್ನು ಮೆಲ್ಲಗೆ ಆರಿಸಿದೆ. ಆ "ಕಚ್" ಬರುವ ತನಕ ಹೀಗೇ ಕೂತು ಇವರ ತಾಳವನ್ನೇ ಕೇಳುತ್ತೇನೆ.